ಭರ್ತಿ ಆದಮೇಲೆ ಬಿಡುವ ದೋಣಿ

ಘೋಡಗೇರಿಯ ದುಂಡಪ್ಪ ಇಪ್ಪತ್ತೇಳು ವರ್ಷ ಗೋಕಾಕ–ಹುಕ್ಕೇರಿ ದಾರಿಯಲ್ಲಿ ಗಾಡಿ ಹೊಡೆದವನು. ಮೊದಲ ಒಂಬತ್ತು ವರ್ಷ ಟ್ರ್ಯಾಕ್ಸ್, ಉಳಿದ ಹದಿನೆಂಟು ವರ್ಷ ಕ್ರೂಸರ್. ಅಷ್ಟೂ ವರ್ಷಗಳಲ್ಲಿ ಅವನ ಗಾಡಿ ಒಮ್ಮೆಯೂ ತಡವಾಗಿ ಬಿಟ್ಟದ್ದಿಲ್ಲ, ಏಕೆಂದರೆ ಅದಕ್ಕೆ ಬಿಡುವ ಹೊತ್ತೇ ಇರಲಿಲ್ಲ. ಭರ್ತಿ ಆದಾಗ ಬಿಡುತ್ತಿತ್ತು. ಹದಿಮೂರು ಮಂದಿ ಕೂರುವ ಗಾಡಿಯಲ್ಲಿ ಇಪ್ಪತ್ತೆರಡು ಮಂದಿ ಕೂತರೆ ಭರ್ತಿ. ಮೂಡಲಗಿಯ ದನದ ಸಂತೆಗೆ ಬಾಡಿಗೆ ಹೋದ ದಿನ ಇಪ್ಪತ್ತೈದು.

ಖಾಲಿ ಗಾಡಿಯನ್ನು ಯಾರೂ ಹತ್ತುವುದಿಲ್ಲ ಎಂಬುದು ಆ ದಂಧೆಯ ಮೊದಲ ಪಾಠ. ಒಬ್ಬರಾದರೂ ಒಳಗೆ ಕೂತಿರಬೇಕು. ಅವರನ್ನು ನೋಡಿ ಇನ್ನೊಬ್ಬರು ಬರುತ್ತಾರೆ. ದುಂಡಪ್ಪನ ಮನೆ ಗಾಡಿ ನಿಲ್ಲುವ ಜಾಗದ ಬಾಜೂಕ್ಕೇ ಇತ್ತು. ಮಂದಿ ಇಲ್ಲದ ದಿನ ಅವನು ಅಲ್ಲಿಂದಲೇ ಹೆಂಡತಿಯನ್ನು ಕೂಗುತ್ತಿದ್ದ. ಅವಳ ಹೆಸರು ಅಕ್ಕವ್ವ. ಹೆಸರು ಹಿಡಿದು ಕರೆದರೆ ಅಕ್ಕನನ್ನು ಕರೆದಂತಾಗುತ್ತದೆ ಎಂದು ಅವನು ಮದುವೆಯಾದಾಗಿನಿಂದ 'ಇಕಿನ' ಎಂದೇ ಕರೆಯುವುದು.

"ಏ ಇಕಿನ, ಬಾ, ಒಂಚೂರು ಕುಂಡ್ರು."

ಅಕ್ಕವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದು, ಕೈಚೀಲವೊಂದನ್ನು ತೊಡೆಯ ಮೇಲಿಟ್ಟುಕೊಂಡು, ಹುಕ್ಕೇರಿಗೆ ಬೀಗರ ಮನೆಗೆ ಹೊರಟವಳ ಹಾಗೆ ಕಿಟಕಿಯ ಪಕ್ಕ ಕೂರುತ್ತಿದ್ದಳು. ಅರ್ಧ ತಾಸಿನಲ್ಲಿ ಗಾಡಿ ತುಂಬುತ್ತಿತ್ತು. ತುಂಬಿದ ಕೂಡಲೇ ಅವಳು ಇಳಿಯುತ್ತಿದ್ದಳು. ಅವಳ ಜಾಗದಲ್ಲಿ ಇಬ್ಬರು ಕೂರುತ್ತಿದ್ದರು.

"ನಿಮ್ಮ ಗಾಡಿ ನನ್ನಷ್ಟು ಸಲ ಯಾರೂ ಹತ್ತಿಲ್ಲರಿ," ಎಂದು ಅವಳು ಆಗಾಗ ಹೇಳುವುದಿತ್ತು. "ಹುಕ್ಕೇರಿ ಮಾತ್ರ ಒಮ್ಮಿನೂ ಮುಟ್ಟಲಿಲ್ಲ."

ಇದು ಅವಳ ಕಡೆಯ ಚೇಷ್ಟೆ. ಅವನ ಕಡೆಯದು ಬೇರೆ ಇತ್ತು. ಅಕ್ಕವ್ವನ ತವರು ಅಂಕಲಗಿ. ಆ ಮನೆತನದ ಅಡ್ಡಹೆಸರು 'ಬಂದರದ'. ಅಂಕಲಗಿಯಿಂದ ಸಮುದ್ರಕ್ಕೆ ಹೋಗಬೇಕಾದರೆ ಘಟ್ಟ ಇಳಿದು ಮೇಲೆ ಒಂದಿಷ್ಟು ನಡೆಯಬೇಕು. ಅಲ್ಲಿ ಬಂದರು ಎಲ್ಲಿಂದ ಬಂತು? ಅಕ್ಕವ್ವನ ಅಜ್ಜ ಹೇಳುತ್ತಿದ್ದುದು ಇಷ್ಟು: ರೈಲು ಬರುವುದಕ್ಕೂ ಮುಂಚೆ ಈ ಭಾಗದ ಹತ್ತಿ ಬಂಡಿಯ ಮೇಲೆ ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ನಮ್ಮ ಹಿರಿಯರು ಹನ್ನೆರಡು ಬಂಡಿ ಹತ್ತಿ ಒಯ್ದು ಬಂದವರು. ಅವತ್ತಿನಿಂದ ನಾವು ಬಂದರದವರು.

"ನೀರs ಕಾಣದ ಬಂದರದವರು," ಎಂದು ದುಂಡಪ್ಪ ಮೂವತ್ತೆಂಟು ವರ್ಷ ನಕ್ಕಿದ್ದ.

ಹತ್ತಿ ಹೋಗುತ್ತಿದ್ದದ್ದು ನಿಜ. ಆ ತಳಿಗೆ ವ್ಯಾಪಾರದಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು ಬಿದ್ದಿತ್ತು, ಕುಮಟೆಯಲ್ಲಿ ಹತ್ತಿ ಬೆಳೆಯದಿದ್ದರೂ. ಇದನ್ನು ಹುಡುಕಿ ತೆಗೆದವಳು ಮಗಳು ಅರ್ಚನಾ. ಅವಳು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ; ಹೋದ ವರ್ಷ ಕುಮಟಾ ತಾಲ್ಲೂಕಿನ ಒಂದು ಹಳ್ಳಿಗೆ ನೇಮಕವಾಗಿತ್ತು. ಆ ಊರಿನ ಹೊಳೆ ಸಮುದ್ರ ಸೇರುವ ಕಡೆ ಒಂದು ನಡುಗಡ್ಡೆ, ಅದರ ಮೇಲೆ ಪಾಳುಬಿದ್ದ ಸಣ್ಣ ಕೋಟೆ, ಕೋಟೆಯ ಕೆಳಗೆ ಹಡಗು ನಿಲ್ಲಿಸುವ ಕಲ್ಲಿನ ಹಳೇ ಧಕ್ಕೆ. ಘಟ್ಟದ ಮೇಲಿನ ಹತ್ತಿ ಅಂಡಿಗೆಗಳನ್ನು ಅಲ್ಲಿ ತೂಗಿ ಹಡಗಿಗೆ ಏರಿಸುತ್ತಿದ್ದರೆಂದು ಊರಿನ ಮಂದಿ ಹೇಳುತ್ತಿದ್ದರು.

ಅರ್ಚನಾ ಫೋನಿನಲ್ಲಿ ಇದನ್ನು ಹೇಳಿದ ದಿನದಿಂದ ಅಕ್ಕವ್ವ ಒಂದೇ ಮಾತು ಹಿಡಿದಳು. "ನಾ ಆ ಧಕ್ಕೆ ಮ್ಯಾಲ ಒಮ್ಮೆ ನಿಂದರಬೇಕ."

ದುಂಡಪ್ಪ ಕ್ರೂಸರ್ ಮಾರಿ ಎರಡು ವರ್ಷವಾಗಿತ್ತು. "ನಾನs ಕರ್ಕೊಂಡ ಹೋಗಿ ನಿಂದ್ರಸ್ತೇನಿ," ಎಂದ. ಮಾತು ಕೊಟ್ಟಾಗ ಅಕ್ಕವ್ವ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಇಳಸಂಗಿಲ್ಲಲ್ಲಾ?" ಎಂದು ಕೇಳಿದ್ದಳು. ಅವನಿಗೆ ಅದು ಚೇಷ್ಟೆಯೋ ಖರೆಯೋ ಎಂದು ತಿಳಿಯಲಿಲ್ಲ.

ಇಬ್ಬರೂ ಮಗಳ ಮನೆಗೆ ಬಂದು ಮೂರು ದಿನ ಕಳೆದವು. ಮೊದಲ ದಿನ ಮಳೆ, ಎರಡನೇ ದಿನ ದುಂಡಪ್ಪನಿಗೆ ಏಡಿ ನೋಡಿ ಹೊಟ್ಟೆ ತೊಳೆಸಿತು. ತಿಂದದ್ದಲ್ಲ, ಬರೀ ನೋಡಿದ್ದು. ಮೂರನೇ ದಿನ ಅರ್ಚನಾಳಿಗೆ ಪರೀಕ್ಷೆಯ ಕೆಲಸ. ಐದನೇ ದಿನ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಊರಿಗೆ ಹೊರಡುವ ಟಿಕೆಟ್ ಆಗಿತ್ತು. ಆದ್ದರಿಂದ ಧಕ್ಕೆ ನೋಡಲು ಉಳಿದದ್ದು ನಾಲ್ಕನೇ ದಿನ ಮಾತ್ರ.

ಗಂಡ ಹೆಂಡತಿ ಒಂಬತ್ತೂ ಮುಕ್ಕಾಲಿಗೆ ಹೊಳೆದಂಡೆಗೆ ಬಂದರು. ಅಲ್ಲೊಂದು ಫಲಕ: ಕೋಟೆ ವೀಕ್ಷಣೆ, ದೋಣಿ ವಿಹಾರ, ಪಕ್ಷಿ ವೀಕ್ಷಣೆ. ಕೆಳಗೆ ನೀರಿಗಿಳಿಯುವ ಕಲ್ಲಿನ ಮೆಟ್ಟಿಲು. ಮೆಟ್ಟಿಲಿನ ಬುಡದಲ್ಲಿ ಹಸಿರು ಬಣ್ಣದ ಉದ್ದನೆ ದೋಣಿ, ಅದರ ತುದಿಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಒಬ್ಬ ಮನುಷ್ಯ. ಆಚೆ ನಡುಗಡ್ಡೆ ಕಣ್ಣಳತೆಯಲ್ಲೇ ಇತ್ತು. ಕೋಟೆಯ ಗೋಡೆಯ ಮೇಲೆ ಹುಟ್ಟಿದ್ದ ಗಿಡ ಕೂಡ ಕಾಣುತ್ತಿತ್ತು.

"ದೋಣಿ ಯಾವಾಗ ಬಿಡ್ತೈತ್ರಿ?" ದುಂಡಪ್ಪ ಕೇಳಿದ.

ದೋಣಿಯವ ತಲೆಯೆತ್ತಲಿಲ್ಲ. "ಭರ್ತಿ ಆಗ್ಲಿ, ಬಿಡ್ವ."

ದುಂಡಪ್ಪನಿಗೆ ಬಹಳ ಸಂತೋಷವಾಯಿತು. ಮೂರು ದಿನದಿಂದ ಅರ್ಧ ಅರ್ಥವಾಗುತ್ತಿದ್ದ ಕರಾವಳಿಯ ಕನ್ನಡದಲ್ಲಿ ಕೊನೆಗೂ ಒಂದು ಮಾತು ಪೂರ್ತಿ ತನ್ನದಾಗಿ ಕೇಳಿಸಿತ್ತು.

"ಕೇಳ್ದೇನು? ಭರ್ತಿ ಆಗಬೇಕಂತ," ಎಂದು ಹೆಂಡತಿಗೆ ಹೇಳಿದ. "ಎಲ್ಲಾ ಕಡೆ ಒಂದs ನೋಡು. ಎಷ್ಟು ಸೀಟ್ರಿ ಯಜಮಾನ್ರ?"

"ಹತ್ತು."

"ಇಷ್ಟ ಉದ್ದ ದೋಣ್ಯಾಗ ಹತ್ತs?"

"ಹತ್ತೇ ಜಾಕೆಟ್ ಉಂಟು. ಹತ್ತೇ ಜನ."

ದುಂಡಪ್ಪ ಇದು ಗಾಡಿ ನಡೆಸಲು ಬಾರದವರ ಲೆಕ್ಕ ಎಂದುಕೊಂಡ, ಆದರೆ ಬಾಯಿಬಿಟ್ಟು ಹೇಳಲಿಲ್ಲ. ಬೇರೆಯವರ ರೂಟಿನಲ್ಲಿ ಬಾಯಿ ಹಾಕಬಾರದು. ಅಂಗಿಯ ತೋಳು ಮಡಚಿದ.

"ಏ ಇಕಿನ, ನೀ ಮೊದಲ ಹತ್ತಿ ಕುಂಡ್ರು."

ಅಕ್ಕವ್ವ ಸೊಂಟದ ಮೇಲೆ ಕೈಯಿಟ್ಟಳು. "ಮತ್ತ ನಾನs?"

"ಖಾಲಿ ದೋಣಿ ಯಾರೂ ಹತ್ತಂಗಿಲ್ಲ. ಆದರ ಇವತ್ತ ಒಂದನೇ ಸೀಟು ನಿಂದ. ಹತ್ತರಾಗ ನೀ ಒಂದು. ಯಾವನರ ಬರಲಿ, ನಿನ್ನ ಇಳಸಂಗಿಲ್ಲ. ಬಸವಣ್ಣನ ಆಣಿ."

ಅಕ್ಕವ್ವ ದೋಣಿಗೆ ಹತ್ತಿದಳು. ದೋಣಿ ಅಲುಗಲಿಲ್ಲ, ಅದರ ಹೊಟ್ಟೆ ಕೆಸರಿಗೆ ತಾಗಿತ್ತು. ದುಂಡಪ್ಪ ಅದನ್ನು ಗಮನಿಸಲಿಲ್ಲ. ಅವನ ಕಣ್ಣು ಆಗಲೇ ರಸ್ತೆಯ ಮೇಲಿತ್ತು.

"ಕ್ವಾಟಿ... ಕ್ವಾಟಿ ಕ್ವಾಟಿ ಕ್ವಾಟಿ!" ಎಂದು ಅವನು ಕೋಟೆಯ ಕಡೆ ಕೈ ಮಾಡಿ ಮೊದಲ ಕೂಗು ಹಾಕಿದಾಗ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಹೋದವು. ಅವುಗಳನ್ನು ದುರ್ಬೀನಿನಲ್ಲಿ ನೋಡುತ್ತಿದ್ದ ಶಿರಸಿಯ ನಾಲ್ವರು ಕಾಲೇಜು ಹುಡುಗಿಯರು ಸಿಟ್ಟಿನಿಂದ ತಿರುಗಿದರು. ಸಿಟ್ಟಾದವರನ್ನು ಗಾಡಿಗೆ ಹತ್ತಿಸುವುದು ದುಂಡಪ್ಪನಿಗೆ ಹೊಸದಲ್ಲ.

"ಹಕ್ಕಿ ಎಲ್ಲಾ ಕ್ವಾಟಿ ಕಡೆ ಹೋದ್ವು ನೋಡ್ರಿ ತಂಗಿ. ಇಲ್ಲೇನ ನೋಡ್ತೀರಿ? ಬರ್ರಿ, ಬರ್ರಿ, ಇನ್ನ ಐದs ಸೀಟು."

ನಾಲ್ವರೂ ಬಂದರು. ಅವನ ಲೆಕ್ಕದಲ್ಲಿ ಯಾವತ್ತೂ ಉಳಿದಿರುವುದು ಐದೇ ಸೀಟು. ಆಮೇಲೆ ಹುಬ್ಬಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದಿದ್ದ ಗಂಡ ಹೆಂಡತಿ ಸಿಕ್ಕರು. ಹುಬ್ಬಳ್ಳಿ ಎಂದ ಕೂಡಲೇ ದುಂಡಪ್ಪನಿಗೆ ತಮ್ಮ ಕಡೆಯವರು ಎನಿಸಿ, "ಅಲ್ಲಿಂದ ಇಲ್ಲೀತನ ತುಳದೀರಿ, ಕಾಲು ನೊಂದಿರತಾವು, ಸುಮ್ಮ ಕುಂಡ್ರೂ ಜಾಗಾ ಐತಿ ಬರ್ರಿ," ಎಂದು ಸೈಕಲ್ಲುಗಳನ್ನು ತಾನೇ ಹಿಡಿದು ಮರಕ್ಕೆ ಒರಗಿಸಿದ. ಕೊನೆಗೆ ದಾವಣಗೆರೆಯ ಮೂವರು ಮಾಸ್ತರರು. ಅವರು ಎಳನೀರು ಕುಡಿಯುತ್ತಿದ್ದರು. ಕಾಯಿ ಕೈಯಲ್ಲಿದ್ದಂತೆಯೇ ಅವರನ್ನು ಮೆಟ್ಟಿಲು ಇಳಿಸಿದ.

ಎಲ್ಲ ಸೇರಿ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ವರ್ಷ ಬಿಟ್ಟ ಕೆಲಸ, ಕೈ ಮರೆತಿರಲಿಲ್ಲ. ದುಂಡಪ್ಪ ಮೇಲಿನ ಮೆಟ್ಟಿಲ ಮೇಲೆ ನಿಂತು ಬೆರಳಾಡಿಸಿ ಎಣಿಸಿದ. ಅಕ್ಕವ್ವ ಒಂದು, ಹುಡುಗಿಯರು ಸೇರಿ ಐದು, ಸೈಕಲ್ಲಿನವರು ಏಳು, ಮಾಸ್ತರರು ಹತ್ತು. ದೋಣಿಯ ಅಂಚನ್ನು ಎರಡು ಸಲ ತಟ್ಟಿದ, ಕ್ರೂಸರಿನ ಬಾಗಿಲನ್ನು ತಟ್ಟುತ್ತಿದ್ದಂತೆ.

"ಭರ್ತಿ ಆತು. ಹೋಗಲಿ, ರೈಟ್!"

ದೋಣಿಯವ ಬಲೆಯಿಂದ ತಲೆಯೆತ್ತಿ ಹೊಳೆಯನ್ನು ನೋಡಿದ, ಮೆಟ್ಟಿಲನ್ನು ನೋಡಿದ, ಮತ್ತೆ ಬಲೆ ಕೈಗೆತ್ತಿಕೊಂಡ. "ಎಲ್ಲಿ ಆಯ್ತು? ಇನ್ನೂ ಮುಕ್ಕಾಲು ತಾಸು ಬೇಕು."

"ಎಣಸರಿ. ಹತ್ತು ಮಂದಿ ಅದಾರ."

"ಜನ ಇದ್ರೆ ಎಂತ ಆಯ್ತು? ಭರ್ತಿ ಆಗ್ಬೇಕಲ್ರಾ."

"ಮತ್ತ ಭರ್ತಿ ಅಂದ್ರ ಏನ್ರಿ? ಮಂದೀನs ಅಲ್ಲೇನು?"

"ಜನ ಎಂತಕ್ಕೆ ಮಾರಾಯ್ರೆ? ನೀರು!"

ದೋಣಿಯಲ್ಲಿ ಸೆರಗಿನೊಳಗಿಂದ ಒಂದು ನಗೆ ಹೊರಬಿತ್ತು. ಅಕ್ಕವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಭುಜ ಕುಣಿಯುತ್ತಿತ್ತು.

ದೋಣಿಯವನ ಮನೆಮಾತು ಕೊಂಕಣಿ. ಆ ಮಾತಿನಲ್ಲಿ ಸಮುದ್ರ ಉಬ್ಬಿ ಹೊಳೆಗೆ ನೀರು ಏರಿ ಬರುವುದಕ್ಕೆ ಭರ್ತಿ ಎನ್ನುತ್ತಾರೆ. ನೀರು ಇಳಿದಿದ್ದಾಗ ಹೊಳೆಯ ನಡುವೆ ಮರಳಿನ ದಿಬ್ಬ ಮೇಲೇಳುತ್ತದೆ, ದೋಣಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ದಂಡೆಯ ಮೆಟ್ಟಿಲಿನಲ್ಲಿ ಕೆಳಗಿನಿಂದ ಆರನೆಯದು ಮುಳುಗಿದ ಮೇಲೇ ದೋಣಿ ದಾಟುವುದು. ಈಗ ಮುಳುಗಿದ್ದು ಮೂರು. ಹತ್ತು ಮಂದಿಯಲ್ಲ, ಹುಕ್ಕೇರಿ ಸಂತೆಯನ್ನೇ ತಂದು ಕೂರಿಸಿದರೂ ದೋಣಿ ಹೋಗುವಂತಿರಲಿಲ್ಲ.

"ನಿನಗ ಗೊತ್ತಿತ್ತೇನ?" ದುಂಡಪ್ಪ ಹೆಂಡತಿಯ ಹತ್ತಿರ ಬಾಗಿ ಕೇಳಿದ.

"ನೀವು ಹುಡಿಗ್ಯಾರನ್ನ ಕರ್ಯಾಕ ಹೋದಾಗ ಯಜಮಾನ್ರು ಹೇಳಿದ್ರು."

"ಹೇಳಬಾರದ?"

"ಎರಡ ವರ್ಷ ಆಗಿತ್ರಿ, ನಿಮ್ಮ ಕೂಗ ಕೇಳಿ. ಚಲೋ ಅನಿಸ್ತು. ಕುಂತೆ."

ಅಷ್ಟರಲ್ಲಿ ಮಾಸ್ತರರಲ್ಲಿ ಹಿರಿಯರು ಕೈಗಡಿಯಾರ ನೋಡಿಕೊಂಡು ಎದ್ದರು. "ಮುಕ್ಕಾಲು ತಾಸಾದರೆ ನಾವು ಊಟ ಮುಗಿಸಿಕೊಂಡೇ ಬರ್ತೀವಿ ಬಿಡ್ರಿ." ಅವರು ಎದ್ದದ್ದು ನೋಡಿ ಸೈಕಲ್ಲಿನವರೂ ಸೈಕಲ್ಲಿನ ಕಡೆ ನೋಡಿದರು.

ಮಂದಿ ಇರಲಿ ಇರದಿರಲಿ ದೋಣಿ ಹೋಗುತ್ತದೆ ಎಂದು ಈಗ ದುಂಡಪ್ಪನಿಗೂ ಗೊತ್ತಿತ್ತು. ಆದರೆ ತುಂಬಿದ ಗಾಡಿಯಿಂದ ಒಬ್ಬ ಇಳಿದರೆ ಸಾಕು, ಹಿಂದೆಯೇ ಇಡೀ ಗಾಡಿ ಇಳಿಯುತ್ತದೆ. ಅದನ್ನು ನೋಡುತ್ತ ನಿಲ್ಲುವುದು ಅವನಿಂದ ಆಗದ ಮಾತು. ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ: ಮಾತು ಹಚ್ಚಬೇಕು. ಊರಿನಲ್ಲಾದರೆ ಬೆಳೆ, ದನದ ರೇಟು, ಯಾರ ಮದುವೆ ಎಲ್ಲಿ ಎಂದು ಹಚ್ಚುತ್ತಿದ್ದ. ಇಲ್ಲಿ ಏನು ಹಚ್ಚುವುದು? ಬಾಯಿ ತಾನಾಗಿಯೇ ತೆರೆಯಿತು.

"ಸರs, ಕುಂಡ್ರರಿ. ನೀವು ಯಾವ ಧಕ್ಕೆ ನೋಡಾಕ ಹೊಂಟೀರಿ, ಗೊತ್ತೇನ್ರಿ? ಈಕಿ ಅದಾಳಲ್ಲರಿ, ನನ್ನ ಹೇಣ್ತಿ, ಈಕಿ ತವರಮನಿ ಹೆಸರು ಬಂದರದ. ಆ ಹೆಸರು ಬಂದದ್ದು ಆ ಧಕ್ಕೆಯಿಂದs."

ಹಿರಿಯ ಮಾಸ್ತರರು ನಿಂತಲ್ಲೇ ತಿರುಗಿದರು. ದುಂಡಪ್ಪ ಬಿಡಲಿಲ್ಲ. ಅಂಕಲಗಿಯಿಂದ ಬಂಡಿ ಹೊರಟಿತು, ಕರಿನೆಲ ದಾಟಿತು, ಕಾಡು ಹೊಕ್ಕಿತು. ಘಟ್ಟದ ಇಳಿಜಾರಿನಲ್ಲಿ ಗಾಲಿಗೆ ಮರದ ತುಂಡು ಕಟ್ಟಿ ಎಳೆಸುತ್ತ, ಬಂಡಿಯ ಹಿಂದೆ ಹಗ್ಗ ಹಿಡಿದು ಜೋತುಬೀಳುತ್ತ ಇಳಿದರು. ಕೆಳಗೆ ಬಂದು ಮೊದಲ ಸಲ ಉಪ್ಪುನೀರು ಕಂಡು ಎತ್ತುಗಳು ಬಾಯಿ ಹಾಕಿ ಹಿಂದೆ ಸರಿದವು. ಮೂವತ್ತೆಂಟು ವರ್ಷ ತಾನು ನಗುತ್ತ ಕೇಳಿದ್ದೆಲ್ಲ ಇಷ್ಟು ವಿವರವಾಗಿ ನೆನಪಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಒಂದು ಹುಡುಗಿ ಮೊಬೈಲ್ ತೆಗೆದು ಅವನ ಮಾತು ರೆಕಾರ್ಡ್ ಮಾಡತೊಡಗಿದಳು. ಅದನ್ನು ಕಂಡು ದುಂಡಪ್ಪ ಇನ್ನೊಂದು ಗೇರ್ ಹಾಕಿದ.

"ನಲವತ್ತು ಬಂಡಿ! ಒಂದರ ಹಿಂದ ಒಂದು!"

"ಹನ್ನೆರಡು," ಎಂದಳು ಅಕ್ಕವ್ವ.

"ಹನ್ನೆರಡು ಅಂದ್ರೂ ಒಂದೊಂದು ಬಂಡಿಗಿ ನಾಲ್ಕ ಎತ್ತು..."

"ಎರಡs ಎತ್ತು. ಸುಳ್ಳ ಹೇಳಬ್ಯಾಡ್ರಿ, ಹುಡುಗಿ ರೆಕಾರ್ಡ್ ಮಾಡಾಕತ್ತಾಳ."

"ಆತ, ಎರಡು. ಆದರ ಹೋದದ್ದು ಖರೆ. ಅದರಾಗ ಸುಳ್ಳಿಲ್ಲ. ನಾ ಇಷ್ಟ ವರ್ಷ ಚ್ಯಾಷ್ಟಿ ಮಾಡಿದೆ, ಆದರ ಹೋದದ್ದು ಖರೆ."

ಇದನ್ನು ಹೇಳುವಾಗ ಅವನು ನೋಡಿದ್ದು ಮಾಸ್ತರರನ್ನು. ಅಕ್ಕವ್ವ ಕೈಚೀಲದ ಹಿಡಿಯನ್ನು ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದಳು.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆರನೇ ಮೆಟ್ಟಿಲು ಮುಳುಗಿತು. ದೋಣಿ ಮೆಲ್ಲನೆ ಕೆಸರಿನಿಂದ ಮೇಲೆದ್ದು ತೂಗತೊಡಗಿತು. ದೋಣಿಯವ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಒಂದೊಂದಾಗಿ ಹಂಚಿದ. ಅಕ್ಕವ್ವನ ಸೀರೆಯ ಮೇಲೆ ಅದನ್ನು ಹಾಕಿ ಬಿಗಿಯಲು ಇಬ್ಬರು ಹುಡುಗಿಯರು ಬೇಕಾದರು. ಹಂಚಿ ಮುಗಿದಾಗ ದುಂಡಪ್ಪ ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ಕೈ ಚಾಚಿದ.

"ನನಗೊಂದು?"

"ಆಯ್ತಲ್ಲ. ಹತ್ತು."

"ಹತ್ತು ಹೌದರಿ, ನಾನs ಎಣಿಸೇನಿ..."

ಅವನು ಮತ್ತೆ ಎಣಿಸಿದ. ಹತ್ತೇ. ಮೂರನೇ ಸಲ ಎಣಿಸುವಾಗ ಬೆರಳು ಗಾಳಿಯಲ್ಲಿ ನಿಂತಿತು. ಇಪ್ಪತ್ತೇಳು ವರ್ಷ ಗಾಡಿಯ ಮಂದಿಯನ್ನು ಎಣಿಸಿದವನು. ಆ ಎಣಿಕೆಯಲ್ಲಿ ಡ್ರೈವರ್ ಯಾವತ್ತೂ ಬರುವುದಿಲ್ಲ. ಹೆಂಡತಿಯನ್ನು ಮರೆಯದೆ ಹಿಡಿದಿದ್ದ. ತನ್ನನ್ನು ಬಿಟ್ಟಿದ್ದ.

"ಎಂತ ಮಾಡೂಕೆ ಬರೂದಿಲ್ಲ," ಎಂದ ದೋಣಿಯವ. "ದಿನಕ್ಕೆ ಒಂದೇ ಟ್ರಿಪ್. ಹೋಗಿ, ನೋಡಿ, ಬರೂದ್ರೊಳಗೆ ನೀರು ಇಳಿಯೂಕೆ ಸುರು. ಒಬ್ರು ಇಳೀಬೇಕು."

"ಹತ್ತs ಯಾಕ್ರಿ? ಕ್ರೂಸರ್‌ದಾಗ ನಾ ಇಪ್ಪತ್ತೈದು ಮಂದಿ..."

"ನಿಮ್ಮ ಕ್ರೂಸರ್ ಮಗುಚಿದ್ರೆ ರಸ್ತೆ ಮೇಲೆ ಬೀಳ್ತೀರಿ. ಇಲ್ಲಿ?"

ಯಾರನ್ನು ಇಳಿಸುವುದು? ಕೂಗಿ ಕರೆದು ಹತ್ತಿಸಿದವರನ್ನು ಇಳಿ ಎನ್ನುವುದು ದುಂಡಪ್ಪನಿಂದ ಆಗದ ಕೆಲಸ. ಅದು ದಂಧೆಯ ಮರ್ಯಾದೆ. ಅಂಥ ಇಕ್ಕಟ್ಟಿನಲ್ಲಿ ಅವನ ನಾಲಿಗೆಗೆ ಗೊತ್ತಿದ್ದ ದಾರಿ ಒಂದೇ. "ಏ ಇ..." ಎಂದು ಅದು ಆಗಲೇ ಹೊರಟಿತ್ತು.

ಅಕ್ಕವ್ವ ಅವನನ್ನೇ ನೋಡುತ್ತಿದ್ದಳು. ನಗುತ್ತಿರಲಿಲ್ಲ. ಎರಡೂ ಕೈ ಕಿತ್ತಳೆ ಜಾಕೆಟ್ಟಿನ ಪಟ್ಟಿಯನ್ನು ಹಿಡಿದಿದ್ದವು. ಬಿಚ್ಚಲೋ ಬಿಗಿಯಲೋ, ಹೇಳುವಂತಿರಲಿಲ್ಲ.

ದುಂಡಪ್ಪ ಬಾಯಿ ಮುಚ್ಚಿ, ದೋಣಿಯಲ್ಲಿದ್ದ ಕಾಲನ್ನು ಹಿಂದಕ್ಕೆ ತೆಗೆದ. ಅವಸರದಲ್ಲಿ ಅದು ಮುಳುಗಿದ ಮೆಟ್ಟಿಲಿಗೆ ಬಿದ್ದು ಮೊಣಕಾಲಿನವರೆಗೆ ಒದ್ದೆಯಾಯಿತು.

"ಏ ಇಕಿನ, ಚಂದಂಗ ನೋಡ್ಕೊಂಡ ಬಾ. ನಾ ಇಲ್ಲೆ ಇರತೇನಿ. ಹೋಗಲಿ, ರೈಟ್!"

ಯಂತ್ರ ಗುಡುಗಿತು. ದೋಣಿ ಹೊರಳಿ ನಡುಹೊಳೆಗೆ ಹೋಯಿತು. ಅಕ್ಕವ್ವ ಒಂದು ಸಲ ಹಿಂದೆ ನೋಡಿದಳು, ಆಮೇಲೆ ಪೂರ್ತಿ ಮುಂದಕ್ಕೆ ತಿರುಗಿ ಕೂತಳು. ದುಂಡಪ್ಪ ಧೋತರ ಹಿಂಡಿಕೊಂಡು ಎಳನೀರಿನವನ ಪಕ್ಕ ಕೂತ. ಆಚೆ ದಂಡೆಯಲ್ಲಿ ಹತ್ತು ಕಿತ್ತಳೆ ಚುಕ್ಕಿಗಳು ಇಳಿದವು. ಒಂಬತ್ತು ಚುಕ್ಕಿ ಕೋಟೆ ಹತ್ತಿದವು. ಒಂದು ಮಾತ್ರ ಬಹಳ ಹೊತ್ತು ನೀರಿನಂಚಿನಲ್ಲೇ ನಿಂತಿತ್ತು. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ನೋಡಿ ನೋಡಿ ಅವನ ಕಣ್ಣಲ್ಲಿ ನೀರು ಬಂತು. ಬಿಸಿಲಿನ ಝಳ ಎಂದು ಎಳನೀರಿನವನಿಗೆ ಹೇಳಿದ. ಎಳನೀರಿನವ ಏನೂ ಕೇಳಿರಲಿಲ್ಲ.

ಹನ್ನೆರಡೂ ಕಾಲಿಗೆ ದೋಣಿ ತಿರುಗಿ ಬಂತು. ಅಕ್ಕವ್ವ ಯಾರ ಕೈಯನ್ನೂ ಹಿಡಿಯದೆ ಇಳಿದಳು.

"ಏನಿತ್ತ?" ದುಂಡಪ್ಪ ಕೇಳಿದ.

"ಕಲ್ಲು."

"ಬರೇ ಕಲ್ಲ?"

"ದೊಡ್ಡ ದೊಡ್ಡ ಕಲ್ಲು. ಹಡಗ ಕಟ್ಟಾಕ ಒಂದು ಗೂಟಗಲ್ಲು, ಹಗ್ಗ ತಿಕ್ಕಿ ತಿಕ್ಕಿ ಸವದೈತಿ. ನನ್ನ ಬೆರಳು ಅದರಾಗ ಸರಿ ಕುಂಡ್ರತಾವು."

"ಮತ್ತ?"

"ಮತ್ತ ನಿಂತೆ."

"ನಿಂತು ಏನ ಮಾಡಿದಿ?"

"ನಿಂದ್ರಾಕ ಹೋಗಿದ್ದೆ, ನಿಂತೆ. ಎಲ್ಲಾ ಬಾಯಾಗ ಹೇಳಾಕ ಬರತೈತೇನ್ರಿ?" ಅವನ ಒದ್ದೆ ಧೋತರದ ಮೇಲೆ ಅವಳ ಕಣ್ಣು ಬಿತ್ತು. ಕೈಚೀಲದಿಂದ ಟವೆಲ್ ತೆಗೆದು ಕೊಟ್ಟಳು. ಆಮೇಲೆ ದೋಣಿಯವನ ಕಡೆ ತಿರುಗಿದಳು. "ಯಜಮಾನ್ರ, ನಾಳೆ ಭರ್ತಿ ಯಾವಾಗ್ರಿ?"

ಆ ಮಾತನ್ನು ಅವಳು ಅಲ್ಲಿಯೇ ಹುಟ್ಟಿ ಬೆಳೆದವಳ ಹಾಗೆ ಆಡಿದಳು.

"ದಿನಕ್ಕೆ ಐವತ್ತು ನಿಮಿಷ ಮುಂದೆ ಹೋಗ್ತದೆ ಅಕ್ಕ. ನಾಳೆ ದೋಣಿ ಬಿಡೂದು ಹನ್ನೊಂದೂ ಮುಕ್ಕಾಲಿಗೆ."

ಅಕ್ಕವ್ವ ದುಂಡಪ್ಪನ ಅಂಗಿಯ ಜೇಬಿನಿಂದ ಮೊಬೈಲ್ ತೆಗೆದು ಮಗಳಿಗೆ ಹಚ್ಚಿದಳು. "ಅರ್ಚೂ, ನಾಳೆ ಬಸ್ಸಿನ ಟಿಕೆಟ್ ಬ್ಯಾಡವಾ. ನಾಡದ ಹೋಗ್ತೇವಿ... ಹ್ಞೂಂ, ನಾ ನೋಡಿದೆ. ನಿಮ್ಮಪ್ಪ ನೋಡಿಲ್ಲ. ನಾಳೆ ನಾ ಕರ್ಕೊಂಡ ಹೋಗಿ ತೋರಸ್ತೇನಿ."

ದುಂಡಪ್ಪ ಟವೆಲ್ಲಿನಿಂದ ಕಾಲು ಒರೆಸುತ್ತಿದ್ದವನು ನಿಲ್ಲಿಸಿದ. "ನಾಳೆ ಹನ್ನೊಂದಕ್ಕ ಬಂದ್ರ ಸಾಕಲ್ಲಾ? ಒಂಚೂರು ಲಗೂನ ಬಂದ್ರ, ನಾಕ ಮಂದೀನ..."

"ಮಂದೀ ಸುದ್ದಿ ಬ್ಯಾಡ," ಎಂದಳು ಅಕ್ಕವ್ವ. "ಮೊದಲ ನೀವು ಜಾಕೆಟ್ ಹಾಕ್ಕೊಂಡ ಕುಂಡ್ರರಿ."